ಎರವಲು ಮೂಸೆ

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನೆರೆಯವರೇ ಊಟ ಕಳಿಸುತ್ತಿದ್ದರು. ಇಂದು ಬೆಳಿಗ್ಗೆ ಶಗುಫ್ತಾ ಚಹಾಕ್ಕೆ ನೀರಿಟ್ಟಳು. ಆಗ ಮಾಳಿಗೆಯಿಂದ ಕೆಮ್ಮು ಕೇಳಿಸಿತು. ಗಂಟಲಲ್ಲೇ ಸಿಕ್ಕಿಕೊಂಡು, ಕೊನೆಗೆ ಸಿಳ್ಳೆಯಂತೆ ಎಳೆದುಕೊಳ್ಳುವ ಕೆಮ್ಮು... ಸತ್ತ ಗಂಡ ಮುನೀರನದು. ಮೊರಾದಾಬಾದಿನ ಆ ಓಣಿಯಲ್ಲಿ ಕೆಮ್ಮುವವರು ಬಹಳ ಮಂದಿ. ಆದರೂ ಹೆಂಡತಿಗೆ ಗುರುತು ತಪ್ಪುವುದಿಲ್ಲ.

ಅವಳು ಮೆಟ್ಟಿಲೇರಿದಳು. ಹಳೆಯ ಕಂಪ್ಯೂಟರುಗಳ ಹಸಿರು ಸರ್ಕ್ಯೂಟ್ ಹಲಗೆಗಳನ್ನು, ಅವುಗಳ ಚಿನ್ನ ಬಿಡಿಸಲೆಂದು, ಮುನೀರ್ ಆಸ್ಪತ್ರೆಗೆ ಹೋಗುವ ಮುನ್ನ ಆಸಿಡ್ ತೊಟ್ಟಿಯಲ್ಲಿ ನೆನೆಹಾಕಿದ್ದ. ಅವನು ಮಣ್ಣಿನಡಿ ಮಲಗಿದ ಮೇಲೂ ತೊಟ್ಟಿ ಅವನ ಕೆಲಸವನ್ನು ನಿಲ್ಲಿಸಿರಲಿಲ್ಲ. ಗುಳ್ಳೆಗಳು ಏಳುತ್ತಿದ್ದವು, ಚಿನ್ನದ ಪೊರೆಗಳು ಬಿಟ್ಟುಕೊಂಡು, ರೆಪ್ಪೆ ಬಡಿದಂತೆ ಮೇಲೆ ತೇಲುತ್ತಿದ್ದವು. ಬಾಗಿ ಅವನ್ನು ಸೋಸುತ್ತಿದ್ದವನು ಮೈದುನ ತನ್ವೀರ್. ಮೈಮೇಲೆ ಅಣ್ಣನ ಅಂಗಿ, ಮೂಗಿಗೆ ಅಣ್ಣನ ಬಟ್ಟೆ, ಗಂಟಲಲ್ಲಿ ಅಣ್ಣನ ಕೆಮ್ಮು. ಪಕ್ಕದಲ್ಲಿ ಕುಳಿತು ಕುಲುಮೆಗೆ ಇದ್ದಿಲು ಒಟ್ಟುತ್ತಿದ್ದ ಅತ್ತೆ ಅವನನ್ನು ಮುನೀರ್ ಎಂದೇ ಕರೆಯುತ್ತಿದ್ದಳು. ಅವನೂ ಓಗೊಡುತ್ತಿದ್ದ.

ಇವನನ್ನಾದರೂ ಬಿಟ್ಟುಬಿಡಿ ಎಂದು ಶಗುಫ್ತಾ ಬೇಡಿಕೊಂಡಳು. ಈ ಹೊಗೆ ಒಬ್ಬನ ಎದೆ ತಿಂದದ್ದು ಸಾಲದೇ ಎಂದಳು.

"ತಿಂದದ್ದು ಹೊಗೆ ಅಲ್ಲ ಕಣೇ, ನೀನು." ಅತ್ತೆ ತಲೆ ಎತ್ತಲಿಲ್ಲ. "ನನ್ನ ಮಗ ಎಲ್ಲಿಗೂ ಹೋಗಿಲ್ಲ. ನೋಡು, ಕೆಲಸಕ್ಕೆ ಕೂತಿದಾನೆ."

ತನ್ವೀರ್ ನಕ್ಕ, ಕಣ್ಣು ನಗಲಿಲ್ಲ. "ಬಿಡಿ ಭಾಭಿ. ಅಮ್ಮಿಗೆ ಇಬ್ಬರಲ್ಲಿ ಒಬ್ಬ ಸಾಕಂತೆ. ಆ ಒಬ್ಬ ನಾನಲ್ಲ, ಅಷ್ಟೇ."

ಚಿನ್ನ ಕರಗಿಸುವ ಮೂಸೆಯನ್ನು ಓಣಿಯವರೆಲ್ಲ ಸಗೀರ್ ಚಾಚಾನಿಂದಲೇ ಎರವಲು ತರುವುದು; ಮುನೀರನೂ ತಂದಿದ್ದ. ಹಿಂತಿರುಗಿಸುವಾಗ ತಳದಲ್ಲಿ ಒಂದು ಚೂರು ಚಿನ್ನ ಬಿಡಬೇಕು. ಮತ್ತೆ ಬರುತ್ತೇವೆ ಎಂದು ಅದರ ಅರ್ಥ. ಬೋಳಾಗಿ ಕೆರೆದು ಕೊಟ್ಟರೆ ಆ ಮನೆಯ ಕುಲುಮೆ ಆರಿದಂತೆ. ಆಮೇಲೆ ಆ ಮನೆಗೆ ಯಾರೂ ಮೂಸೆ ಕೊಡುವುದಿಲ್ಲ, ಹಲಗೆಯನ್ನೂ ಕೊಡುವುದಿಲ್ಲ.

ಅತ್ತೆ ನಮಾಜಿಗೆಂದು ಕೆಳಗಿಳಿದಾಗ ಶಗುಫ್ತಾ ಮೂಸೆ ಎತ್ತಿಕೊಂಡಳು. ತಳದಲ್ಲಿ ಮುನೀರ್ ಕೊನೆಯ ಸಲ ಕರಗಿಸಿದ ಚಿನ್ನದ ಚೂರು ಹೊಳೆಯುತ್ತಿತ್ತು. ಅವನ ಕೈಯದೆಂದು ಉಳಿದದ್ದು ಅದೊಂದೇ... ಚಾಕುವಿನ ತುದಿಯಿಂದ ಕೆರೆದಳು. ಮೂಸೆ ಉಬ್ಬಸಪಟ್ಟಂತೆ ಸದ್ದು ಮಾಡಿತು. ಕೆರೆದದ್ದನ್ನು ಅತ್ತೆ ಕೂರುವ ಮಣೆಯ ಮೇಲೆ ಸುರಿದಳು. ತನ್ವೀರ್ ನೋಡುತ್ತಿದ್ದ, ತಡೆಯಲಿಲ್ಲ.

ಗಂಡ ಸತ್ತವಳು ಇದ್ದತ್ ಎಂಬ ಶೋಕದ ತಿಂಗಳುಗಳು ಮುಗಿಯುವವರೆಗೆ ಹೊಸ್ತಿಲು ದಾಟಬಾರದು. ಅವಳು ಹಾಡುಹಗಲಲ್ಲೇ ದಾಟಿದಳು. ಓಣಿಯ ಕಿಟಕಿಗಳು ಸದ್ದಿಲ್ಲದೆ ಮುಚ್ಚಿಕೊಂಡವು.

ಸಗೀರ್ ಚಾಚಾ ಮೂಸೆಯೊಳಗೆ ಬೆರಳಾಡಿಸಿದ.

"ಯೋಚನೆ ಮಾಡಿದೀಯಾ ಮಗಳೇ? ನಾನು ಇದನ್ನ ತಗೊಂಡ್ರೆ ಈ ಓಣಿಯಲ್ಲಿ ನಿಮಗೆ ರೊಟ್ಟಿ ಹುಟ್ಟಲ್ಲ."

"ಎರವಲು ತಂದವರು ತೀರಿಕೊಂಡ್ರು, ಚಾಚಾ. ಮನೆಯಲ್ಲಿ ಇನ್ನು ಇರೋದು ತನ್ವೀರ್."

ಮುದುಕ ಮೂಸೆಯನ್ನು ಗೂಡಿನಲ್ಲಿ ಬೋರಲು ಹಾಕಿದ.