ದಿನಕ್ಕೊಂದು ಮೊಳ ದಾರ

ಬೆಟ್ಟಮ್ಮ ಹಾನುಬಾಳಿನಿಂದ ಮೊದಲ ಬಸ್ಸು ಹಿಡಿದು ಬಾಳ್ಳುಪೇಟೆಗೆ ಬಂದಾಗ ಹಲ್ಲಿನ ಡಾಕ್ಟರ್ ಗರ್ಟ್ರೂಡ್ ಅವರ ಕ್ಲಿನಿಕ್ಕು ಇನ್ನೂ ತೆರೆದಿರಲಿಲ್ಲ. ಹೊರಗೆ ಕಸ ಗುಡಿಸುತ್ತಿದ್ದ ಆಯಾ ಮಾದೇವಮ್ಮ, ಹಲ್ಲುನೋವಿನವರಿಗೆ ಹೊತ್ತುಗೊತ್ತು ಇಲ್ಲವೆಂದು ಗೊಣಗುತ್ತಲೇ ಬೆಂಚು ತೋರಿಸಿದಳು. ಬಂದವಳು ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬೆಂಕಿಪೊಟ್ಟಣದಷ್ಟಿದ್ದ ಬಿಳಿ ಡಬ್ಬಿಯೊಂದನ್ನು ಮುಂದೆ ಹಿಡಿದಳು.

"ಇದು ಖಾಲಿ ಆಗೈತೆ ಅಂತ ನನ್ನ ಕಳ್ಳಿ ಮಾಡ್ಬುಟ್ರು ಕಣಕ್ಕಾ. ಭಾನುವಾರದೊಳಗೆ ಲೈನ್ ಮನೆ ಬುಟ್ಟು ಹೋಗ್ಬೇಕಂತೆ."

ಮಾದೇವಮ್ಮನಿಗೆ ಆ ಡಬ್ಬಿಯ ಗುರುತು ಹತ್ತಿತು. ಹಲ್ಲಿನ ಸಂದಿಗೆ ಹಾಕಿ ಎಳೆಯುವ ಮೇಣದ ದಾರ, ಡಾಕ್ಟ್ರಮ್ಮನ ಬಾಯಲ್ಲಿ ಫ್ಲಾಸ್. ಹದಿನಾಲ್ಕು ವರ್ಷದಿಂದ ಅದನ್ನು ಹಂಚಿ ಹಂಚಿ ಅವಳ ಕೈ ಸವೆದಿತ್ತು. ಕೊಟ್ಟವರು ಯಾರೂ ಬಳಸಿದ್ದನ್ನು ಅವಳು ಕಂಡಿರಲಿಲ್ಲ. ತಾನೂ ಬಳಸಿರಲಿಲ್ಲ. ಎಡಗಡೆಯ ದವಡೆ ಒಂದು ತಿಂಗಳಿಂದ ಮಿಡಿಯುತ್ತಿದ್ದರೂ ಆ ಸಂಗತಿಯನ್ನು ಡಾಕ್ಟ್ರಮ್ಮನಿಗೆ ಹೇಳುವ ಮುಖ ಅವಳಿಗಿರಲಿಲ್ಲ.

ಗರ್ಟ್ರೂಡ್ ಮಂಗಳೂರಿನ ಕಡೆಯವರು. ಅರವತ್ತಕ್ಕೆ ಎರಡು ಕಡಿಮೆ, ಮಂಡಿ ಎರಡೂ ಕೈಕೊಟ್ಟಿದ್ದವು. ಬಾಯಿ ನೋಡಿಯೇ ಸುಳ್ಳು ಹಿಡಿಯುತ್ತಾರೆಂಬ ಹೆಸರು ಆಲೂರಿನವರೆಗೂ ಹಬ್ಬಿ, ಕೋಳಿ ಕಳುವಾದರೂ ಖೋಟಾ ಸಹಿಯಾದರೂ ಜನ ಅವರ ಬಳಿಯೇ ಬರುತ್ತಿದ್ದರು. ಅವರು ಕಾಫಿ ಲೋಟ ಹಿಡಿದು ಕಣ್ಣು ಮುಚ್ಚಿಕೊಂಡೇ ಬೆಟ್ಟಮ್ಮನ ಕತೆ ಕೇಳಿದರು.

ಬೆಟ್ಟಮ್ಮ ಎಸ್ಟೇಟ್ ಬಂಗಲೆಯಲ್ಲಿ ಅಡುಗೆಯವಳು, ವಾಸ ಕೂಲಿಯಾಳುಗಳ ಸಾಲುಮನೆಯಾದ ಲೈನಿನಲ್ಲಿ. ಯಜಮಾನಿ ರಾಜಲಕ್ಷ್ಮಮ್ಮ ಮೊನ್ನೆ ಒಂದು ಮದುವೆಗೆ ತಾಯಿಯ ಕಾಲದ ಐದೆಳೆ ಹವಳದ ಸರ ಹಾಕಿಕೊಂಡು ಹೋಗಿದ್ದರು. ಬೆವರು ತಾಗಿದ್ದೇ ತಡ, ಕೆಂಪು ಬಣ್ಣ ಇಳಿದು ರವಿಕೆಯೆಲ್ಲ ಹಾಳಾಯಿತು. ನೋಡಿದರೆ ಹವಳವೆಲ್ಲ ಮಾಯ, ಅವುಗಳ ಜಾಗದಲ್ಲಿ ಬಣ್ಣ ಬಳಿದ ಮಣಿಗಳಿದ್ದವು. ಮಣಿಮಣಿಗೂ ಗಂಟು ಹಾಕಿ ಪೋಣಿಸಿದ ದಾರ ಚಪ್ಪಟೆಯಾಗಿ, ಮೇಣ ಮೆತ್ತಿಕೊಂಡು, ಪುದೀನದ ವಾಸನೆ ಹೊಡೆಯುತ್ತಿತ್ತು. ಸೊಸೆ ಹೇಮಶ್ರೀಗೆ ಗುರುತು ಸಿಕ್ಕಿತು: ಆಷಾಢದಲ್ಲಿ ಡಾಕ್ಟ್ರಮ್ಮ ಎಸ್ಟೇಟಿಗೆ ಬಂದು ಶಿಬಿರ ಮಾಡಿದಾಗ ಕೊಟ್ಟ ದಾರ. ಬಂಗಲೆಯವರ ಪೈಕಿ ಅದು ಸಿಕ್ಕಿದ್ದು ನಾಲ್ವರಿಗೆ. ಸರವಿಟ್ಟಿದ್ದ ಬೀರುವಿನ ಬೀಗದ ಕೈ ದೇವರ ಮನೆಯಲ್ಲಿ ನೇತಾಡುತ್ತಿದ್ದುದು ನಾಲ್ವರಿಗೂ ಗೊತ್ತಿತ್ತು. ಹುಡುಕಿದಾಗ ಪೂರ್ತಿ ಖಾಲಿಯಾಗಿದ್ದದ್ದು ಬೆಟ್ಟಮ್ಮನ ಡಬ್ಬಿ.

"ದಾರ ಎಲ್ಲಿ ಹೋಯ್ತು ಅಂತ ಕೇಳಿದ್ರು. ಹಲ್ಲಿಗೆ ಅಂದೆ. ಎಲ್ರೂ ನಕ್ಬುಟ್ರು."

ಗರ್ಟ್ರೂಡ್ ಕಣ್ಣು ತೆರೆದರು. ಬೆಟ್ಟಮ್ಮನನ್ನು ಕುರ್ಚಿಗೆ ಕೂರಿಸಿ, ದೀಪ ಹಾಕಿ, ಬಾಯೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಶಿಬಿರದ ಚೀಟಿಗಳ ಕಟ್ಟನ್ನೂ ಜೀಪನ್ನೂ ತರಿಸಲು ಮಾದೇವಮ್ಮನಿಗೆ ಹೇಳಿದರು.

ಬಂಗಲೆಯ ಅಂಗಳದಲ್ಲಿ ಹೊಸ ಬೈಕೊಂದು ನಿಂತಿತ್ತು. ಅದು ಯಜಮಾನಿಯ ತಂಗಿಯ ಮಗ ಲೋಹಿತನದು. ಎರಡು ವರ್ಷದಿಂದ ಅವನು ಅಲ್ಲೇ ಬೀಡುಬಿಟ್ಟಿದ್ದ. ಡಾಕ್ಟ್ರಮ್ಮ ಕಳವಿನ ಮಾತೇ ಎತ್ತಲಿಲ್ಲ. ಶಿಬಿರದ ಹಲ್ಲುಗಳನ್ನು ಮತ್ತೊಮ್ಮೆ ನೋಡಬೇಕೆಂದು ಎಲ್ಲರನ್ನೂ ಜಗಲಿಗೆ ಕರೆಸಿದರು, ಡಬ್ಬಿಗಳನ್ನೂ ತರಲು ಹೇಳಿದರು. ಹೇಮಶ್ರೀಯ ಡಬ್ಬಿಯ ಸೀಲು ಒಡೆದೇ ಇರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಟರಾಜ್ ತನ್ನದನ್ನು ಸ್ಟೋರಿನ ದೇವರ ಪಟದ ಮುಂದಿಟ್ಟು ದಿನವೂ ಊದುಬತ್ತಿ ಬೆಳಗುತ್ತಿದ್ದ. ಅದಕ್ಕೂ ಸೀಲು ಹಾಗೇ ಇತ್ತು. ರಾಜಲಕ್ಷ್ಮಮ್ಮನಿಗೆ ಕಟ್ಟಿಸಿದ ಹಲ್ಲು, ದಾರದ ಗೊಡವೆಯೇ ಇಲ್ಲ. ಲೋಹಿತನ ಡಬ್ಬಿಯಲ್ಲಿ ಒಂದೆರಡು ಮೊಳ ಉಳಿದಿತ್ತು.

"ದಿನಾ ಹಾಕ್ತೀನಿ ಡಾಕ್ಟ್ರೇ, ನೀವು ಹೇಳಿದ ಮೇಲೆ ಒಂದಿನಾನೂ ತಪ್ಪಿಸಿಲ್ಲ," ಎಂದ ಅವನು. ಡಾಕ್ಟ್ರಮ್ಮ ಭೇಷ್ ಎಂದರು. ಜಗಲಿಯಲ್ಲಿಟ್ಟಿದ್ದ ದೀಪಾವಳಿಯ ಚಕ್ಕುಲಿಯನ್ನು ಅವನು ಬಲಗಡೆಯಲ್ಲಷ್ಟೇ ಅಗಿಯುತ್ತಿರುವುದು ಮಾದೇವಮ್ಮನ ಕಣ್ಣಿಗೆ ಬಿತ್ತು. ಎಡದವಡೆ ನೋಯುವವಳಿಗೆ ಅದು ಕಾಣದೇ ಇನ್ನಾರಿಗೆ ಕಂಡೀತು.

ಒಬ್ಬೊಬ್ಬರ ಬಾಯನ್ನೂ ಟಾರ್ಚಿನಲ್ಲಿ ನೋಡಿದ ಮೇಲೆ ಗರ್ಟ್ರೂಡ್ ತಮ್ಮ ಬ್ಯಾಗಿನಿಂದ ಹೊಸ ದಾರ ತೆಗೆದು ಮೊದಲು ಬೆಟ್ಟಮ್ಮನಿಗೆ ಕೊಟ್ಟರು. ಅವಳು ಒಂದು ಮೊಳ ಅಳೆದು ಹರಿದು, ನಡುಬೆರಳುಗಳಿಗೆ ಸುತ್ತಿಕೊಂಡು, ನಾಚುತ್ತಲೇ ಒಂದೊಂದು ಸಂದಿಗೂ ಇಳಿಸಿ ಎಳೆದಳು. ದಾರ ಬೆಳ್ಳಗೇ ಹೊರಬಂತು. ಲೋಹಿತನಿಗೆ ಅದನ್ನು ಎಲ್ಲಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಡಾಕ್ಟ್ರಮ್ಮನೇ ಹಾಕಿದರು. ಎರಡನೆಯ ಸಂದಿಗೇ ದಾರ ಕೆಂಪಾಯಿತು, ಮೂರನೆಯದಕ್ಕೆ ಅವನು ಕುರ್ಚಿಯಿಂದ ಎದ್ದ.

ಗರ್ಟ್ರೂಡ್ ಎರಡು ದಾರಗಳನ್ನೂ ಬಿಳಿ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ಕುಳಿತರು. ಅವರ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ.

"ಬ್ರಷ್ಷು ಹಲ್ಲಿನ ಮುಖ ತೊಳೆಯುತ್ತೆ, ಎರಡು ಹಲ್ಲು ತಾಗೋ ಜಾಗಕ್ಕೆ ಹೋಗಲ್ಲ. ಅಲ್ಲಿ ಕೂತ ತಿಂಡಿ ಹುಳಿಯಾಗಿ ಹಲ್ಲು ಕೊರೆಯುತ್ತೆ. ದಿನಾ ದಾರ ಹಾಕಿದ್ರೆ ಅದು ಹೊರಗೆ ಬರುತ್ತೆ, ಒಸಡೂ ಗಟ್ಟಿಯಾಗುತ್ತೆ. ಇಪ್ಪತ್ತೈದು ವರ್ಷದಿಂದ ಇದೇ ಹೇಳ್ತಿದ್ದೀನಿ."

ಶಿಬಿರದ ಚೀಟಿ ಬಿಡಿಸಿ ಓದಿದರು. ಆಷಾಢದಲ್ಲಿ ಬೆಟ್ಟಮ್ಮನಿಗೂ ಲೋಹಿತನಿಗೂ ಒಸಡಿನಲ್ಲಿ ರಕ್ತವಿತ್ತು. ಇಬ್ಬರಿಗೂ ಹಿಂದಿನ ಹಲ್ಲುಗಳ ಸಂದಿಯಲ್ಲಿ ಸಣ್ಣ ಕಪ್ಪು ಚುಕ್ಕೆಯಿತ್ತು. ಈಗ ಬೆಟ್ಟಮ್ಮನ ಒಸಡು ವಾಸಿಯಾಗಿದೆ, ಚುಕ್ಕೆ ಇದ್ದಷ್ಟೇ ಇದೆ. ಲೋಹಿತನ ಹಲ್ಲು ಒಳಗೇ ಕುಸಿದು ತೂತಾಗಿದೆ. ರಕ್ತಕ್ಕೆ ಬೇರೆ ಕಾರಣವೂ ಇರಬಹುದು, ಆದರೆ ಅವನ ಹಲ್ಲಿನ ಸಂದಿಯಲ್ಲಿ ಕೊಳೆ ಗಟ್ಟಿಯಾಗಿ ಕಟ್ಟಿದ ಗಾರೆಗೆ ಬೇರೆ ಕಾರಣವಿಲ್ಲ ಎಂದರು.

"ಡಬ್ಬಿಯಲ್ಲಿರೋದು ನೂರಹತ್ತು ಮೊಳ. ದಿನಕ್ಕೊಂದರ ಹಾಗೆ ಆಷಾಢದಿಂದ ಮೊನ್ನೆ ದೀಪಾವಳಿಗೆ ಸರಿಯಾಗಿ ಮುಗೀಬೇಕು. ಬೆಟ್ಟಮ್ಮನದು ಮುಗಿದಿದೆ, ಅವಳ ಬಾಯಿ ಅದಕ್ಕೆ ಸಾಕ್ಷಿ. ಲೋಹಿತ್, ನಿನ್ನ ದಾರ ನಿನ್ನ ಬಾಯಿಗೆ ಹೋಗಿಲ್ಲ. ಐದೆಳೆ ಸರ, ಮಣಿಮಣಿಗೂ ಗಂಟು, ಗಂಟು ತಪ್ಪಿ ಹರಿದೆಸೆದದ್ದು ಬೇರೆ, ಅದಕ್ಕೆಷ್ಟು ದಾರ ಬೇಕು ಅಂತ ನೀನೇ ಹೇಳು."

ಲೋಹಿತ ತಲೆ ಎತ್ತಲಿಲ್ಲ. ಮನೆಯ ನೂಲು ಮಣಿಯ ತೂತಿಗೆ ಹೋಗುತ್ತಿರಲಿಲ್ಲ, ಮೇಣದ ದಾರ ಸೂಜಿಯಿಲ್ಲದೆ ಹೋಯಿತು ಎಂದಷ್ಟೇ ಗೊಣಗಿದ. ರಾಜಲಕ್ಷ್ಮಮ್ಮ ಅಂಗಳದ ಬೈಕನ್ನು ನೋಡಿದರು, ತಂಗಿಯ ಮಗನನ್ನು ನೋಡಿದರು. ಹವಳ ಎಲ್ಲಿಗೆ ಹೋಯಿತೆಂದು ಯಾರೂ ಬಾಯಿಬಿಟ್ಟು ಕೇಳುವ ಅಗತ್ಯ ಬೀಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಯಜಮಾನಿ, ಆದದ್ದಾಯಿತು, ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡು ಎಂದು ಬೆಟ್ಟಮ್ಮನಿಗೆ ಹೇಳಿದರು. ಬೆಟ್ಟಮ್ಮ ಹೋಗಲಿಲ್ಲ.

"ಮಾಡ್ತೀನಿ ಅಮ್ಮಾ. ಲೈನ್ ಮನೆ ನಂಗೆ ಬೇಕು, ಎಲ್ಲಿಗೆ ಹೋಗ್ಲಿ. ಆದ್ರೆ ಅವತ್ತು ನಾನು ದಿಟಾನೇ ಹೇಳಿದ್ದೆ. ಲೈನಿನೋಳು ಹಲ್ಲಿನ ಸಂದಿ ತೊಳ್ಕತಾಳೆ ಅಂತ ನಂಬಕ್ಕೆ ನಿಮ್ಗೆ ಆಗ್ಲಿಲ್ಲ. ಕದ್ದವ್ಳೆ ಅಂತ ನಂಬಕ್ಕೆ ಆಯ್ತು."

ರಾಜಲಕ್ಷ್ಮಮ್ಮ ಎದ್ದು ತಾವೇ ಅಡುಗೆಮನೆಗೆ ಹೋದರು. ಒಳಗೆ ಪಾತ್ರೆ ತಡಕಾಡುವ ಸದ್ದು ಬಹಳ ಹೊತ್ತು ಕೇಳಿಸಿತು. ಕಾಫಿಪುಡಿಯ ಡಬ್ಬ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಬೆಟ್ಟಮ್ಮ ಡಾಕ್ಟ್ರಮ್ಮನ ಕಡೆ ತಿರುಗಿ, ಈಗ ದಾರ ಇಲ್ಲವಲ್ಲ, ಇನ್ನೊಂದು ಡಬ್ಬಿ ಕೊಡುತ್ತೀರಾ ಎಂದು ಕೇಳಿದಳು. ಹೇಮಶ್ರೀ ತನ್ನ ಸೀಲೊಡೆಯದ ಡಬ್ಬಿಯನ್ನು ತಾನೇ ತಂದು ಅವಳ ಕೈಗಿಟ್ಟಳು.

ಹಿಂದಿರುಗುವಾಗ ಗರ್ಟ್ರೂಡ್ ಜೀಪಿನ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ಇಪ್ಪತ್ತೈದು ವರ್ಷಕ್ಕೆ ಒಂದು ಬಾಯಿ, ಅಷ್ಟೇ ನನ್ನ ಸಂಪಾದನೆ ಎಂದರು. ಆಮೇಲೆ ಕಣ್ಣು ತೆರೆಯದೆಯೇ ಕೇಳಿದರು.

"ಮಾದೇವಮ್ಮ, ಎಡಗಡೆ ಎಷ್ಟು ದಿನದಿಂದ ನೋವು?"

ಮಾದೇವಮ್ಮ ಬಾಳ್ಳುಪೇಟೆಯಲ್ಲಿ ಇಳಿದವಳೇ ಕ್ಲಿನಿಕ್ಕಿನ ಔಷಧಿಯ ಬೀರು ತೆರೆದು, ದಾರದ ಡಬ್ಬಿಯೊಂದನ್ನು ತೆಗೆದು, ಡಾಕ್ಟ್ರಮ್ಮನ ಎದುರಿಗೇ ಅದರ ಸೀಲು ಒಡೆದಳು.