ಪರದೆಯ ಮೇಲೆ ಓಬಳಮ್ಮನ ಕೈ

ಕೆಲಸಕ್ಕೆ ಸೇರಿದ ಮೊದಲ ದಿನವೇ ರಾಮಾಂಜಿನಮ್ಮ ಕಂಪ್ಯೂಟರಿನಲ್ಲಿ ಸತ್ತ ಅಕ್ಕನ ಕೈಬರಹ ಕಂಡಳು.

೧೯೮೮. ಮಧುಗಿರಿಯ ಒಂದು ಸೇವಾ ಸಂಸ್ಥೆ. ಪರದೆಗೆ ಬಿಸಿಲು ಬೀಳದಂತೆ ಕಿಟಕಿ ಮುಚ್ಚಿದ ಕೋಣೆ. ಪಾವಗಡ ಸೀಮೆಯ ಬಾವಿಗಳ ಪಟ್ಟಿಯನ್ನು ಕನ್ನಡದಲ್ಲಿ ಟೈಪ್ ಮಾಡುವುದು ಅವಳ ಕೆಲಸ. ಮೊದಲು ತನ್ನ ಊರನ್ನೇ ಒತ್ತಿದಳು: ರಾಯಚರ್ಲು. ಕಪ್ಪು ಪರದೆಯ ಮೇಲೆ ಹಸಿರಾಗಿ ಮೂಡಿದ 'ಲು'ವಿನ ಕೊಂಬು ಬಳ್ಳಿಯ ತುದಿಯಂತೆ ಮೇಲಕ್ಕೆ ಸುರುಳಿ ಸುತ್ತಿತ್ತು. ಹಾಗೆ ಬರೆಯುತ್ತಿದ್ದವಳು ಅಕ್ಕ ಓಬಳಮ್ಮ ಒಬ್ಬಳೇ. ಅವಳನ್ನು ಮಣ್ಣು ಮಾಡಿ ಆರು ವರ್ಷವಾಗಿತ್ತು.

ಸುತ್ತ ಯಾರೂ ಇರಲಿಲ್ಲ. ಮೆಲ್ಲಗೆ ಒತ್ತಿದಳು: ಅಕ್ಕಾ, ಇದ್ದೀಯಾ?

ಕೇಳಿದವಳು ಇವಳು. ಆದರೆ ಪರದೆಯಲ್ಲಿ ಮೂಡಿದ್ದು ಅಕ್ಕನ ಅಕ್ಷರ, ಅಕ್ಕನೇ ಇವಳನ್ನು ಕೇಳುತ್ತಿದ್ದ ಹಾಗೆ.

"ಯಾರ್ನ ಕರೀತಿದೀರಾ?"

ಬಾಗಿಲಲ್ಲಿ ಕದಿರಯ್ಯ ಪರದೆ ಓದುತ್ತ ನಿಂತಿದ್ದ. ಆ ಯಂತ್ರಕ್ಕೆ ಕನ್ನಡ ಕಲಿಸಿದವನು ಅವನೇ.

"ಈ ಅಕ್ಷರ ಯಾರವು?"

"ನಾನೇ ಚೌಕುಳಿ ಹಾಳೆ ಮೇಲೆ ಒಂದೊಂದೇ ಚುಕ್ಕಿ ಇಟ್ಟು ಬರ್ದಿದ್ದು ಕಣ್ರೀ. ಚೆನ್ನಾಗಿಲ್ವಾ?"

"ಸುಳ್ಳು. ಇವು ನಮ್ಮಕ್ಕನವು."

ಅವನ ನಗು ನಿಂತಿತು. "ನಮ್ಮೂರು ನಿಡುಗಲ್ಲಾಗೆ ವಯಸ್ಕರ ಶಾಲೆ ಇತ್ತು. ಅವ್ವನ ಸೆರಗು ಹಿಡ್ಕಂಡು ನಾನೂ ಹೋಯ್ತಿದ್ದೆ. ಗೋಡೆ ತುಂಬಾ ಯಾರೋ ಬರ್ದ ಅಕ್ಷರದ ಹಾಳೆ ಅಂಟ್ಸಿದ್ರು. ಆ ಅಕ್ಷರಾನೇ ತಿದ್ದಿ ಕಲ್ತೆ. ಬರ್ದೋರ ಮುಖ ನೋಡ್ದೋನಲ್ಲ."

"ಆ ಹಾಳೆ ಅಕ್ಕ ಶಾಲೆಗೆ ಅಂತ ನಮ್ಮನೇಲೇ ಬರ್ದಿದ್ದು. ಮಸಿ ಕುಡಿಕೆ ಹಿಡ್ಕೊಂಡಿದ್ದೋಳು ನಾನು."

ಆಮೇಲೆ ಅವಳು ದಿನವೂ ಬೇಗ ಬರತೊಡಗಿದಳು. ಬತ್ತಿದ ಬಾವಿಗಳ ಹೆಸರೆಲ್ಲ ಅಕ್ಕನ ಕೈಯಲ್ಲಿ ಒಂದೊಂದಾಗಿ ಮೂಡುತ್ತಿದ್ದವು. ಅವಳು ಪರದೆ ನೋಡುತ್ತಿದ್ದಳು. ಅವನು ಅವಳ ಕೆನ್ನೆಯ ಮೇಲಿನ ಹಸಿರು ಬೆಳಕನ್ನು. ಸಿಕ್ಕಿಬಿದ್ದರೆ ಫ್ಯಾನಿನ ಕಡೆ ತಿರುಗುತ್ತಿದ್ದ. ಅವಳಿಗೆ ಅದು ಹಿತವಾಗಿತ್ತು, ಒಂದು ಮುಳ್ಳಿನ ಹೊರತು: ಇವನು ನೋಡುತ್ತಿರುವುದು ನನ್ನನ್ನೋ, ಅಕ್ಕನನ್ನೋ?

ಒಂದು ಶನಿವಾರ ಮಧ್ಯಾಹ್ನ ಮೇಲ್ವಿಚಾರಕ ಸಿದ್ದಗಂಗಯ್ಯ ಕಾಗದ ಹಿಡಿದು ಬಂದರು.

"ಕದಿರಯ್ಯ, ಸೋಮವಾರದಿಂದ ಎಲ್ಲಾ ಫೈಲಿಗೂ ಒಂದೇ ಕೋಡು, ಅಕ್ಷರಕ್ಕೆಲ್ಲ ಒಂದೇ ನಂಬರ್ ಪಟ್ಟಿ. ನಿನ್ನ ಸ್ವಂತ ಪಟ್ಟಿ ಬಂದ್ ಮಾಡು. ಇಲ್ಲಿ ಮಾಡಿದ್ದು ಸಿರಾ ಆಫೀಸಿನಾಗೆ ತೆಗುದ್ರೆ ದೆವ್ವ ಗೀಚ್ದಂಗೆ ಕಾಣ್ತದಂತೆ ಕಣಯ್ಯಾ!"

ಅವರು ಹೋದ ಮೇಲೆ ರಾಮಾಂಜಿನಮ್ಮ ಕೀಲಿಗಳ ಮೇಲಿಂದ ಬೆರಳು ತೆಗೆದಳು. "ಹಂಗಾದ್ರೆ ಸೋಮವಾರ ಅಕ್ಕ ಇನ್ನೊಂದ್ಸಲ ಸಾಯ್ತಾಳೆ."

"ಇಲ್ಲ ಕಣ್ರೀ. ಫೈಲಿನಾಗೆ ಇರೋದು ಬರೀ ನಂಬರು. ಯಾವ ಅಕ್ಷರಕ್ಕೆ ಯಾವ ನಂಬರು ಅಂತ ಮೇಲಿನೋರು ಗೊತ್ತು ಮಾಡವ್ರೆ. ಪರದೆ ಮೇಲೆ ಆ ನಂಬರಿಗೆ ಅಕ್ಷರದ ಮೈ ಕೊಡೋರು ನಾವು. ನಿಮ್ಮಕ್ಕ ಎಲ್ಲೂ ಹೋಗಲ್ಲ."

"ಅವಳ್ನ ಬಿಟ್ಟಿರಕ್ಕೆ ಆಗಲ್ವಾ ನಿಮಗೆ?"

ಕೇಳಿದ ಮೇಲೆ ನಾಚಿಕೆಯಾಯಿತು. ಸತ್ತವಳ ಮೇಲೂ ಹೊಟ್ಟೆಕಿಚ್ಚೇ?

ಕದಿರಯ್ಯ ಚೌಕುಳಿ ಹಾಳೆಯೊಂದನ್ನು ಅವಳ ಮುಂದಿಟ್ಟ. "ಹೊಸ ಪಟ್ಟೀಲಿ ಋ ಐತೆ. ಗೋಡೆ ಮೇಲೆ ಇರ್ಲಿಲ್ಲ. ನೀವು ಬರೀರಿ."

"ಪುಸ್ತಕದ್ದು ಹಾಕಿ. ನನ್ನ ಅಕ್ಷರ ಸೊಟ್ಟ."

"ಗೊತ್ತು. ದಿನಾ ಹಾಜರಿ ಪುಸ್ತಕ ತೆಗ್ದು ನಿಮ್ಮ ಸಹಿ ನೋಡ್ತೀನಲ್ಲ." ಅವನ ಕಿವಿ ಕೆಂಪಾಗಿತ್ತು. "ಗೋಡೆ ಮೇಲಿನೋರು ನಂಗೆ ಓದೋದು ಕಲ್ಸಿದ್ರು, ಅಷ್ಟೇ. ನಾನು ಮನಸು ಸೋತಿರೋದು ಈ ಸೊಟ್ಟಕ್ಕೆ."

ಅವಳು ಬರೆದಳು. ಅದು ಇನ್ನಷ್ಟು ಸೊಟ್ಟಗಾಯಿತು. ಅವನು ಚುಕ್ಕಿ ಚುಕ್ಕಿಯಾಗಿ ಅದನ್ನು ಯಂತ್ರಕ್ಕೆ ತುಂಬಿ, ಎರಡಕ್ಷರ ಒತ್ತಿದ: ಋಣ. ಋ ಇವಳದು, ಣ ಅಕ್ಕನದು.

ಆಗಲೇ ಕರೆಂಟು ಹೋಯಿತು.

ಕತ್ತಲಲ್ಲಿ, ಮೆಲ್ಲನೆ ಆರುತ್ತಿದ್ದ ಪರದೆಯ ಮೇಲೆ ಎರಡೂ ಅಕ್ಷರ ಹಸಿರಾಗಿ ನಿಂತವು. ಮೊದಲು ಅಕ್ಕನದು ಆರಿತು, ಇಬ್ಬರನ್ನು ಬಿಟ್ಟು ಹಿರಿಯಳು ಮೆಲ್ಲಗೆ ಎದ್ದು ಹೋದ ಹಾಗೆ. ಇವಳದು ಇನ್ನೂ ಉರಿಯುತ್ತಲೇ ಇತ್ತು.

"ನೋಡಿದ್ರಾ?" ಅವಳ ದನಿ ಪಿಸುಗುಟ್ಟಿತು.

"ನೋಡ್ದೆ."

ಯಾವಾಗ ಹಿಡಿದಳೋ, ಅವನ ಕೈ ಅವಳ ಕೈಯೊಳಗಿತ್ತು. ಕರೆಂಟು ಬಂದ ಮೇಲೂ ಅವಳು ಬಿಡಲಿಲ್ಲ.