ಮೂರನೇ ಮಹಡಿಯ ಮನೆ

“ನಹೀ ಹೋಗಾ!”

ನಿಶ್ಮಿತಾ ಫೈಲನ್ನು ಮೇಜಿನಾಚೆಗೆ ತಳ್ಳಿದಳು. ಕಲ್ಕತ್ತೆಯ ಲೇಕ್ ಮಾರ್ಕೆಟ್ ಬಳಿಯ ಆ ಬ್ಯಾಂಕಿನಲ್ಲಿ ಗೃಹಸಾಲದ ಮೇಜಿಗೆ ಅವಳು ಬಂದು ಇನ್ನೂ ವಾರವಾಗಿರಲಿಲ್ಲ. ಹೊಸ ಕುರ್ಚಿ, ಹೊಸ ಸೀಲು, ಜೊತೆಗೆ ಸ್ವಲ್ಪ ಹೊಸ ಗತ್ತು ಬೇರೆ!

ಎದುರಿಗಿದ್ದವನು ಕದಲದೆ ನೆಟ್ಟಗೆ ಕೂತಿದ್ದ. ಗಿಡ್ಡಗೆ ಕತ್ತರಿಸಿದ ಕೂದಲು, ಗರಿಗರಿ ಅಂಗಿ, ಮುಖ ಕಾಣುವಷ್ಟು ಹೊಳೆಯುವ ಬೂಟು. ಅವಳು ಹಿಂದಿಯಲ್ಲೇ ಪಾಠ ಮುಂದುವರಿಸಿದಳು.

“ನೀವು ಸೈನ್ಯದವರು. ಊರಾಚೆ ರಾಜಾರಹಾಟ್‌ನಲ್ಲಿ ಇನ್ನೂ ಪಾಯವೂ ಏಳದ ಫ್ಲ್ಯಾಟು. ನಾಳೆ ನಿಮಗೆ ಎಲ್ಲಿಗೋ ವರ್ಗವಾದರೆ ನಿಮ್ಮ ಪರವಾಗಿ ಇಲ್ಲಿ ಸಹಿ ಹಾಕುವವರು ಯಾರು? ಈ ಊರಿನಲ್ಲಿ ನಿಮ್ಮವರು ಅಂತ ಯಾರಿದ್ದಾರೆ?”

ಅವನು ಕಿಟಕಿಯ ಕಡೆ ತಿರುಗಿ ಗೊಣಗಿದ. “ಅಬ್ಬಬ್ಬಾ! ಬಂದೂಕಿಲ್ದ ಬಾರ್ಡರ್ ಕಾಯಾಕ ಕುಂತಾಳ ಈಕಿ.”

“ಬಂದೂಕಿಲ್ಲ. ಸೀಲು ಉಂಟು,” ಅಂದಳು ನಿಶ್ಮಿತಾ, ಸ್ಪಷ್ಟ ಕನ್ನಡದಲ್ಲಿ!

ಅಯ್ಯೋ, ಹವಾಲ್ದಾರ್ ವೀರಭದ್ರನ ಮುಖ ಆಗ ನೋಡಬೇಕಿತ್ತು! ಕಲ್ಕತ್ತೆಯ ಬ್ಯಾಂಕಿನಲ್ಲಿ ಕೂತ ಈ ಹುಡುಗಿಯ ಅಪ್ಪ ಅಣ್ಣಪ್ಪನವರು ಉಡುಪಿಯವರು, ಬ್ಯಾಂಕಿನ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು ಎಂದು ಗೋಕಾಕ ಸೀಮೆಯ ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು? ಕಿವಿಯವರೆಗೆ ಕೆಂಪಾದ.

“ತಪ್ಪಾತ್ರಿ ಮೇಡಂ… ಬಾಯಿ ಜಾರ್ತು.”

ಅವಳು ನಗು ತಡೆಯಲು ತುಟಿ ಕಚ್ಚಿದಳು. ತಡೆಯಲಾಗಲಿಲ್ಲ. ಕಣ್ಣು ಕಣ್ಣು ಕೂಡಿದ್ದೇ ಆಗ. ಆ ನಗು ಆವತ್ತೇ ತಡೆದಿದ್ದರೆ ಚೆನ್ನಾಗಿತ್ತು ಎಂದು ಅವಳು ಮುಂದೆ ಎಷ್ಟೋ ಸಲ ಅಂದುಕೊಂಡಳು.

ಸಾಲ ಮಂಜೂರಾಯಿತು. ಸದ್ಯಕ್ಕೆ ಅವನು ಊರೊಳಗಿನ ಸೇನಾ ನೆಲೆ ಫೋರ್ಟ್ ವಿಲಿಯಂನಲ್ಲೇ ಇದ್ದನಲ್ಲ, ಸಹಿಗೆ ತೊಂದರೆ ಇರಲಿಲ್ಲ. ಮುಂದಿನದು ಮುಂದೆ!

ಅದು ಎರಡು ಸಾವಿರದ ಏಳನೇ ಇಸವಿ. ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕುತ್ತಿಗೆಗೆ ಗುರುತಿನ ಚೀಟಿ ತೂಗಿಕೊಂಡ ಹುಡುಗ ಹುಡುಗಿಯರು ಬಾಡಿಗೆ ಮನೆಗೆ ಅಲೆಯುತ್ತಿದ್ದರು. ರಾಜಾರಹಾಟ್‌ನ ಗದ್ದೆ, ಕೆರೆಗಳೆಲ್ಲ ರಾತ್ರೋರಾತ್ರಿ ಸೈಟುಗಳಾಗಿದ್ದವು.

ಜಾಗ ಕಣ್ಣಾರೆ ನೋಡಿ ಬರುವುದು ನಿಶ್ಮಿತಾಳ ಕೆಲಸ. ಹೋದಾಗ ಅವನೂ ಬಂದಿದ್ದ. ನೆಲದ ಮೇಲೆ ಎಳೆದ ಸುಣ್ಣದ ಗೆರೆಗಳ ನಡುವೆ ಬೂಟುಗಾಲಿನಲ್ಲಿ ಅಳತೆ ಹಾಕುತ್ತಾ ನಡೆದ.

“ನೋಡ್ರಿ ಮೇಡಂ, ಮ್ಯಾಲ ಮೂರನೇ ಮಹಡಿಯಾಗ ಇದೇ ಅಳತಿ. ಈ ಕೋಣಿ ಒಬ್ಬ ಐಟಿ ಹುಡುಗಂಗ. ಅದು ಇನ್ನೊಬ್ಬಂಗ. ಹಾಲ್‌ನ್ಯಾಗ ಒಂದು ಪಡದಿ ಬಿಟ್ರ ಮೂರನೇದಾವಂಗೂ ಆಗತೈತಿ! ಬಾಡಿಗಿ ಬಂದಂಗ ಸಾಲ ತೀರತೈತಿ. ಆಮ್ಯಾಲ ಇನ್ನೊಂದು ಫ್ಲ್ಯಾಟ್!”

“ಎಲ್ಲಾ ಬಾಡಿಗೆಗೆ ಕೊಟ್ರೆ ನಿಮಗೆ ಎಂತ ಉಳೀತದೆ? ನಿಮಗೆ ಅಂತ ಒಂದು ಕೋಣೆಯೂ ಬೇಡವಾ?”

“ನನಗ್ಯಾಕ್ರಿ? ಸಿಪಾಯಿ ಅದೀನಿ. ಒಂದು ಟ್ರಂಕ್ ಇಡಾಕ ಜಾಗ ಸಿಕ್ರ ಸಾಕು.”

ಇಷ್ಟು ಹಟ ಯಾಕೆ ಎಂದು ಅವಳು ಕೇಳಿದಳು. ಅವನ ಮುಖ ಸಣ್ಣದಾಯಿತು.

“ಬಸವಲಿಂಗಪ್ಪಣ್ಣ ಅಂತ ನಮ್ಮ ಯೂನಿಟ್‌ನವ್ರು. ನನಗ ರೈಫಲ್ ಹಿಡಿಯಾಕ ಕಲಿಸಿದಾವ್ರು. ಪೆನ್ಷನ್ ಆತು, ಈಗ ಸೆಕ್ಟರ್ ಫೈವ್‌ನ್ಯಾಗ ಗೇಟ್ ಕಾಯ್ತಾರ. ನಿನ್ನೆ ಮೊನ್ನೆ ಮೀಸಿ ಬಂದ ಹುಡುಗ್ರು ಕಾರಿನ್ಯಾಗ ಬಂದ್ರ ಎದ್ದು ನಿಂತು ಸಲ್ಯೂಟ್ ಹೊಡೀಬೇಕು. ಅದನ್ನ ನೋಡಾಕ ಆಗಂಗಿಲ್ರಿ ನನಗ… ನಾ ಹಂಗ ನಿಲ್ಲಾಂವ ಅಲ್ಲ. ಆ ಹುಡುಗ್ರು ನನಗ ಬಾಡಿಗಿ ಕೊಡಬೇಕು!”

ಆ ಮಾತಿಗೇ ನಿಶ್ಮಿತಾ ಮನಸೋತಳು. ಇದಕ್ಕೆಲ್ಲ ಯಾರಾದರೂ ಮನಸೋಲುತ್ತಾರಾ ಎಂದು ಕೇಳಬೇಡಿ. ಅವಳು ಸೋತಳು, ಅಷ್ಟೇ.

ಆಮೇಲಿನ ಭಾನುವಾರಗಳಿಗೆ ಬ್ಯಾಂಕಿನ ನೆಪವೂ ಬೇಕಾಗಲಿಲ್ಲ. ಲೇಕ್ ಮಾರ್ಕೆಟ್‌ನಲ್ಲಿ ಇಡ್ಲಿ, ಕಾಫಿ. ನಂತರ ಬಸ್ಸು ಹಿಡಿದು ರಾಜಾರಹಾಟ್. ಅವನ ಅರೆಬರೆ ಬಂಗಾಳಿಗೆ ಅವಳು ಹೊಟ್ಟೆ ಹುಣ್ಣಾಗುವಷ್ಟು ನಗುವುದು, ಅವನು ಸುಳ್ಳು ಸಿಟ್ಟು ಮಾಡುವುದು. ಒಂದನೇ ಮಹಡಿ ಎದ್ದಿತು. ಅವಳೊಳಗೂ ಏನೋ ಎದ್ದಿತ್ತು. ಆದರೆ ಅವನು ಬಾಯಿ ತೆರೆದರೆ ಬಾಡಿಗೆ, ನಲ್ಲಿ, ಮೀಟರು!

‘ನನ್ನ ಬಗ್ಗೆ ಒಂದೇ ಒಂದು ಮಾತು ಆಡಬಾರದಾ ಈ ಮನುಷ್ಯ…’

ಆಡಿದ. ಡಿಸೆಂಬರಿನಲ್ಲಿ, ದಕ್ಷಿಣೇಶ್ವರದ ಕಾಳಿ ದೇವಸ್ಥಾನದ ಘಟ್ಟದಿಂದ ಹೊರಟ ದೋಣಿಯಲ್ಲಿ. ಆಡದೇ ಇದ್ದಿದ್ದರೇ ವಾಸಿ!

“ಪೋಸ್ಟಿಂಗ್ ಬಂದೈತ್ರಿ. ಉತ್ತರಕ್ಕ, ಗಡಿಗೆ. ಮುಂದಿನ ವಾರ ಹೋಗಬೇಕು.”

ಅವನು ಗಂಗೆಯ ನೀರನ್ನೇ ನೋಡುತ್ತಾ, ಮೇಲಧಿಕಾರಿಗೆ ವರದಿ ಒಪ್ಪಿಸುವವನ ಹಾಗೆ ಮುಂದುವರಿಸಿದ.

“ನೀವ ಅಂದಿದ್ರಲ್ಲ, ಈ ಊರಾಗ ನಿಮ್ಮಾವ್ರು ಅಂತ ಯಾರದಾರ ಅಂತ. ಕಟ್ಟಡ ನೋಡ್ಕೊಳ್ಳಾಕ, ಸಹಿ ಹಾಕಾಕ, ಬಾಡಿಗಿದಾರರನ್ನ ಹುಡುಕಾಕ ಒಬ್ಬರು ಬೇಕು. ಅದಕ್ಕ… ನೀವು ನನ್ನ ಮದಿವಿ ಆಗ್ತೀರೇನ್ರಿ?”

ದೋಣಿಯ ಮಂದಿಯೆಲ್ಲ ದೇವಸ್ಥಾನದ ಕಡೆ ಕೈ ಮುಗಿಯುತ್ತಿದ್ದರು. ಅವಳಿಗೆ ಏನೂ ಕಾಣಲಿಲ್ಲ. ಇದಕ್ಕಾ ನಾನು ಇಷ್ಟು ದಿನ ಕಾದದ್ದು? ಸಹಿಗಾ!

“ನಿಮಗೆ ಬೇಕಾದ್ದು ಹೆಂಡತಿ ಅಲ್ಲ. ಕೇರ್‌ಟೇಕರ್!”

“ಹಂಗಲ್ರಿ ಮೇಡಂ…”

“ಮತ್ತೆ ಹೇಗೆ? ಹೇಳಿ. ಬೇರೆ ಎಂತ ಉಂಟು ನಿಮ್ಮ ಮನಸ್ಸಲ್ಲಿ?”

ಹೇಳಬೇಕಿತ್ತು! ದಡ ಹತ್ತಿರ ಬರುತ್ತಿತ್ತು, ಹೊತ್ತು ಇನ್ನೂ ಇತ್ತು. ಅವನು ಬಗ್ಗಿ ಬೂಟಿನ ದಾರ ಬಿಗಿಯತೊಡಗಿದ.

ದೋಣಿ ದಡ ಮುಟ್ಟಿದ್ದೇ ತಡ, ಅವಳು ಇಳಿದು ತಿರುಗಿ ನೋಡದೆ ನಡೆದಳು.

ವಾರ ಕಳೆದು ಬ್ಯಾಂಕಿಗೆ ಬಂದವರು ಬಸವಲಿಂಗಪ್ಪನವರು. ವೀರಭದ್ರ ತನ್ನ ಸಹಿಯ ಅಧಿಕಾರವನ್ನು ಅವರ ಹೆಸರಿಗೆ ಮಾಡಿಕೊಟ್ಟು ಹೊರಟುಹೋಗಿದ್ದ. ‘ನೋಡು, ಸಹಿ ಹಾಕುವ ಕೈ ಸಿಕ್ಕಿತು, ನನ್ನ ಅಗತ್ಯ ಮುಗಿಯಿತು,’ ಎಂದುಕೊಂಡಳು ನಿಶ್ಮಿತಾ. ಊಟದ ಡಬ್ಬಿ ಆವತ್ತು ಹಾಗೇ ಮನೆಗೆ ಹೋಯಿತು.

ಆದರೆ ಮನಸ್ಸು ಹೇಳಿದ ಮಾತು ಕೇಳುತ್ತದಾ? ಭಾನುವಾರ ಬಂದರೆ ಕಾಲು ತಾನಾಗಿ ರಾಜಾರಹಾಟ್ ಬಸ್ಸು ಹತ್ತುತ್ತಿತ್ತು. ಎರಡನೇ ಮಹಡಿಯ ಕಂಬಗಳು ಎದ್ದವು. ಅಷ್ಟರಲ್ಲಿ ಎರಡು ಸಾವಿರದ ಎಂಟರ ಆರ್ಥಿಕ ಕುಸಿತ ಬಂತು. ಸೆಕ್ಟರ್ ಫೈವ್‌ನ ಹುಡುಗರು ಕೆಲಸ ಹೋಗಿ ಊರಿಗೆ ಮರಳತೊಡಗಿದರು. ಒಂದು ಭಾನುವಾರ ಸೈಟಿನಲ್ಲಿ ಕೆಲಸಗಾರರಿರಲಿಲ್ಲ. ಮುಂದಿನ ವಾರ ಮಿಕ್ಸರೂ ಇರಲಿಲ್ಲ. ಬಿಲ್ಡರ್‌ನ ಫೋನು ಸ್ವಿಚ್ ಆಫ್. ಕಟ್ಟಡದ ಸುತ್ತಲಿನ ಗುಂಡಿಗಳಲ್ಲಿ ಮಳೆಗಾಲದ ನೀರು ನಿಂತು ಪಾಚಿ ಕಟ್ಟಿತು.

ಮನೆಯಲ್ಲಿ ಅಮ್ಮ ಕುಸುಮಾವತಿ ಬೇರೆ ರಾಗ ತೆಗೆದಿದ್ದರು.

“ಗೌರವ್ ಅಂತ, ಉಡುಪಿ ಕಡೆ ಹುಡುಗ. ಬೊಂಬಾಯಿಯಲ್ಲಿ ಬ್ಯಾಂಕ್ ಕೆಲಸ. ನಿನಗೆ ಇನ್ನೆಂತ ಬೇಕು ಮಾರಾಯ್ತಿ? ಆ ಮಿಲಿಟರಿಯವನಿಗಾಗಿ ಕಾಯ್ತಾ ಇದ್ದೀಯಾ?”

“ಇಲ್ಲಮ್ಮ. ಯಾರಿಗೂ ಕಾಯ್ತಾ ಇಲ್ಲ.”

ಸುಳ್ಳು! ಕಾಯುತ್ತಿದ್ದಳು.

ಅಂತೂ ಒಂದು ದಿನ ಫೋನು ಬಂತು. ಗರಗರ ಸದ್ದು, ಗಾಳಿಯ ಸದ್ದು, ಅದರಾಚೆ ಆ ದನಿ.

“ಹಲೋ… ಮೇಡಂ? ನಾನ್ರಿ, ವೀರಭದ್ರ.”

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ‘ಕೇಳು. ಹೇಗಿದ್ದೀಯ ಅಂತ ಒಂದು ಸಲ ಕೇಳು. ಎಲ್ಲಾ ಬಿಟ್ಟು ಬರ್ತೇನೆ…’

“ಕಟ್ಟಡ… ಕಟ್ಟಡ ಎಲ್ಲೀತನಕ ಬಂತ್ರಿ?”

ಅವಳು ಕಣ್ಣು ಮುಚ್ಚಿಕೊಂಡಳು.

“ನಿಂತುಹೋಯ್ತು. ಎಲ್ಲಾ ನಿಂತುಹೋಯ್ತು.”

ಲೈನು ಕಡಿಯಿತು. ಆಮೇಲೆ ಫೋನು ಬರಲೇ ಇಲ್ಲ.

ಮರುವರ್ಷದ ಫೆಬ್ರವರಿಯ ಒಂದು ಭಾನುವಾರ ಅವಳು ಸೈಟಿಗೆ ಹೋದಳು. ಇದೇ ಕೊನೆಯ ಸಲ ಎಂದು ಹೊರಟಿದ್ದಳು. ಗೌರವ್‌ನ ಮನೆಯವರು ಮುಂದಿನ ವಾರ ಬರುವವರಿದ್ದರು.

ತುಕ್ಕು ಹಿಡಿದ ಕಂಬಿಗಳ ಕೆಳಗೆ, ಒಂದು ಟ್ರಂಕಿನ ಮೇಲೆ ಯಾರೋ ಕೂತಿದ್ದರು. ಬಿಸಿಲಿಗೂ ಹಿಮಕ್ಕೂ ಸುಟ್ಟ ಮುಖ. ಆದರೆ ಆ ನೆಟ್ಟಗೆ ಕೂರುವ ಭಂಗಿ ಹೋಗಿರಲಿಲ್ಲ.

ದೇವರೇ! ಅವನೇ!

“ನೀವ್ಯಾಕ ಬಂದ್ರಿ ಇಲ್ಲಿ?” ಗಾಬರಿಯಿಂದ ಎದ್ದು ನಿಂತ.

“ನಾನು ವಾರ ವಾರ ಬರ್ತೇನೆ. ನೀವು ಯಾಕೆ ಬಂದದ್ದು?”

ವಾರ ವಾರ ಎಂಬ ಮಾತಿಗೆ ಅವನ ಕಣ್ಣು ತುಂಬಿತು. ಬೇರೆ ಕಡೆ ನೋಡಿದ.

“ರಜಾಕ್ಕ ಊರಿಗೆ ಹೋಗಿದ್ದೆ. ವಾಪಸ್ ಹೊಂಟೀನಿ, ಸಂಜಿಗೆ ಹೌರಾದಿಂದ ಗಾಡಿ. ಒಮ್ಮೆ ಕಣ್ಣಿಂದ ನೋಡಿ ಹೋಗೂಣು ಅಂತ ಬಂದೆ. ಬಿಲ್ಡರ್ ಓಡಿಹೋದ, ಕೂಡಿಟ್ಟಿದ್ದೆಲ್ಲ ಹೋತು. ಇಲ್ಲದ ಮನಿಗೆ ಪಗಾರದಾಗ ಕಂತು ಕಟ್ಟೂದು ಒಂದು ಉಳದೈತಿ. ಮುಂದ ನಾನೂ ಬಸವಲಿಂಗಪ್ಪಣ್ಣನ ಗೇಟಿಗೆ ನಿಲ್ಲಾಂವ.”

ಅವಳ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

“ಈಗಲೂ ಕಟ್ಟಡದ್ದೇ ಮಾತು! ಆವತ್ತು ಫೋನಿನಲ್ಲಿ ಹೇಗಿದ್ದೀಯ ಅಂತ ಒಂದು ಮಾತು ಕೇಳಲಿಲ್ಲ ನೀವು!”

“ಹೆಂಗ ಕೇಳಲ್ರಿ? ಒಂದ ಫೋನು, ನನ್ನ ಹಿಂದ ಪಾಳಿ ಹಚ್ಚಿ ಮಂದಿ ನಿಂತಿದ್ರು. ಎಲ್ಲಾರ ಕಿವಿ ನನ್ನ ಬಾಯಿ ಮ್ಯಾಲ. ಕಟ್ಟಡ ಹೆಂಗೈತಿ ಅಂದ್ರ… ನೀವು ಹೆಂಗದೀರಿ ಅಂತ ನಾ ಕೇಳಿದ್ದು. ನಿಮಗ ತಿಳೀತೈತಿ ಅಂದ್ಕೊಂಡೆ. ನೀವು ಎಲ್ಲಾ ನಿಂತುಹೋತು ಅಂದ್ರಿ. ಮುಗೀತು ಅಂದ್ಕೊಂಡೆ.”

“ಮತ್ತೆ ದೋಣಿಯಲ್ಲಿ? ಸಹಿ ಹಾಕ್ಲಿಕ್ಕೆ ಮದುವೆ ಆಗು ಅಂದದ್ದು?”

ಅವನು ತುಕ್ಕು ಹಿಡಿದ ಕಂಬಿಯೊಂದನ್ನು ಹಿಡಿದುಕೊಂಡ.

“ಸಹಿಗೆ ಬಸವಲಿಂಗಪ್ಪಣ್ಣ ಮೊದಲ ಒಪ್ಪಿದ್ರು. ನಿಮ್ಮನ್ನ ಕೇಳೂಕಿಂತ ಮೊದಲ.”

“ಎಂತ?”

“ಹೌದ್ರಿ. ಬ್ಯಾರೆ ಏನಂತ ಹೇಳಿ ಕೇಳಬೇಕು ಗೊತ್ತಾಗಲಿಲ್ಲ. ನೀವು ಬ್ಯಾಂಕಿನಾವ್ರು, ನಾ ಸಿಪಾಯಿ. ಸಹಿ ಒಂದ ನನಗ ಸಿಕ್ಕ ನೆಪ.”

ಅಯ್ಯೋ ಹುಚ್ಚಪ್ಪಾ! ಇದನ್ನು ಆವತ್ತೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ನಿಶ್ಮಿತಾ ಅಲ್ಲೇ ಟ್ರಂಕಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಸ್ವಲ್ಪ ದೂರದಲ್ಲಿ ನಿಂತೇ ಇದ್ದ.

“ಅಳಬ್ಯಾಡ್ರಿ. ಈಗ ಕೇಳಾಕ ಬಂದಿಲ್ಲ ನಾ. ಕೇಳಾಕ ನನ್ನ ಕೈಯಾಗ ಏನೂ ಇಲ್ಲ.”

“ನಾನು ಕೇಳ್ತೇನೆ,” ಅಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. “ನನ್ನನ್ನು ಮದುವೆ ಆಗ್ತೀರಾ?”

“ನಿಮ್ಮಪ್ಪಾರು ಒಪ್ಪಂಗಿಲ್ಲ.”

“ಒಪ್ಪುವುದಿಲ್ಲ.”

“ಗಡಿ ಮ್ಯಾಲ ಇನ್ನೂ ಎಷ್ಟು ದಿನಾನೋ. ತಿರುಗಿ ಬರ್ತೀನಿ ಅಂತ ಬರದು ಕೊಡಾಕೂ ಆಗಂಗಿಲ್ಲ.”

“ಗೊತ್ತುಂಟು.”

ಅವನು ನಿಧಾನಕ್ಕೆ ಬಂದು ಪಕ್ಕದಲ್ಲಿ ಕೂತ. ಅವನ ಒರಟು ಕೈ ಅವಳ ಕೈ ಮೇಲೆ ಬಂತು. ಮೊದಲ ಸಲ! ಎದುರಿಗೆ ಪಾಚಿ ಕಟ್ಟಿದ ನೀರು, ಅದರ ಮೇಲೆ ಅರ್ಧಕ್ಕೆ ನಿಂತ ಕಂಬಗಳು. ಯಾರೂ ಅದನ್ನು ಇನ್ನು ಕಟ್ಟುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ನಿಮ್ಮ ಮನೆ ಎಲ್ಲಿ ಬರ್ತಿತ್ತು?” ಮೆಲ್ಲಗೆ ಕೇಳಿದಳು.

ಅವನು ತಲೆ ಎತ್ತಿದ. ಕಂಬಿಗಳಿಗಿಂತ ಮೇಲೆ, ಖಾಲಿ ಆಕಾಶಕ್ಕೆ ಬೆರಳು ತೋರಿಸಿದ.

“ಅಲ್ಲಿ. ಕಾಗಿ ಹಾರ್ತೈತಲ್ರಿ, ಅಲ್ಲಿ ಹಾಲ್.”

“ಅಡುಗೆಮನೆ?”

“ಅದರ ಬಲಕ್ಕ. ಮುಂಜಾನಿ ಬಿಸಲ ಬರತೈತಿ.”

“ಆಚೆ ಕಡೆ ಕೋಣೆ? ಅದು ಐಟಿ ಹುಡುಗನಿಗಾ?”

ಅವನು ಇಲ್ಲವೆಂದು ತಲೆಯಾಡಿಸಿದ. ಇಷ್ಟು ದಿನ ಮೇಡಂ, ಮೇಡಂ ಎನ್ನುತ್ತಿದ್ದವನು ಆವತ್ತು ಮೊದಲ ಸಲ ಅವಳ ಹೆಸರು ಹಿಡಿದು ಕರೆದ.

“ಇಲ್ಲ, ನಿಶ್ಮಿತಾ. ಈ ಮನಿ ಬಾಡಿಗಿಗೆ ಕೊಡಂಗಿಲ್ಲ.”

ಅವಳು ಆ ಖಾಲಿ ಆಕಾಶವನ್ನೇ ನೋಡುತ್ತಾ ಅವನ ಹೆಗಲಿಗೆ ತಲೆ ಒರಗಿಸಿದಳು.

“ಬೇಡ,” ಅಂದಳು. “ಯಾರಿಗೂ ಕೊಡುವುದು ಬೇಡ.”